ಹಗಲುಮನೆಯ ಗೌರವ ಕಾರ್ಯದರ್ಶಿ

೧೨ ಸೆಪ್ಟೆಂಬರ್ ೧೯೮೦, ಶುಕ್ರವಾರ

ಅಕ್ಕ ಇವತ್ತು ಮತ್ತೆ ಹಾಲು ಉಕ್ಕಿಸಿದಳು. ಉಕ್ಕಿದ ಹಾಲಿಗೆ ಒಲೆ ಆರಿ, ಗ್ಯಾಸು ಸುಯ್ಯೆಂದು ಹೊರಗೆ ಬರುತ್ತಿದ್ದರೂ ಪಕ್ಕದಲ್ಲೇ ಮಣೆ ಹಾಕಿಕೊಂಡು ಬತ್ತಿ ಹೊಸೆಯುತ್ತ ಕೂತಿದ್ದಳಂತೆ. ಸುಮತಿ ಊಟದ ಬಿಡುವಿನಲ್ಲಿ ಬ್ಯಾಂಕಿನಿಂದ ಸಬ್‌ವೇ ದಾಟಿ ಓಡಿಬಂದು ನೋಡಿದ್ದರಿಂದ ಮಾಂಬಲದ ಈ ಬೀದಿ ಇನ್ನೂ ಇದೆ. ನಾನು ಆಗ ವಾಚನಾಲಯದಲ್ಲಿದ್ದೆ. ಪೋಲೆಂಡಿನ ಮುಷ್ಕರದ ಬಗ್ಗೆ ನನ್ನ ಅಭಿಪ್ರಾಯಕ್ಕಾಗಿ ನಾಲ್ಕು ಜನ ಕಾದಿದ್ದರು.

ಸಂಜೆ ಸುಮತಿ ನನ್ನ ಮುಂದೆ ಬಂದು ನಿಂತಳು. ನನ್ನ ಸೊಸೆ ಜೋರು ಮಾತಿನವಳಲ್ಲ. ಮೆತ್ತಗೆ ಶುರುಮಾಡಿದರೇ ನನಗೆ ಎದೆ ಹೊಡೆದುಕೊಳ್ಳುತ್ತದೆ.

“ಮಾವ, ಭೀಮತ್ತೆ ಹತ್ರ ಹಗಲು ಹೊತ್ತು ಯಾರಾದ್ರೂ ಒಬ್ಬರು ಇರಲೇಬೇಕು. ಇವರು ನೋಡಿದ್ರೆ ರೈಲ್ವೇಲಿ ಸದಾ ಲೈನ್ ಮೇಲೆ. ಯಾರೂ ಇಲ್ಲಾಂದ್ರೆ ನಾನೇ ಕೆಲಸ ಬಿಟ್ಟುಬಿಡ್ತೀನಿ, ಇನ್ನೇನ್ ಮಾಡೋದು?”

ಅಕ್ಕನನ್ನು ಅವಳು ಕರೆಯುವುದು ಭೀಮತ್ತೆ ಅಂತ. ಯಾರಾದರೂ ಒಬ್ಬರು ಎನ್ನುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಪಾಪ, ಮನೆಗೆ ಹಿರಿಯನೆಂದು ಸಲಹೆ ಕೇಳುತ್ತಿದ್ದಾಳೆ. ಆ ಕ್ಷಣವೇ ನನಗೆ ಹೊಳೆಯಿತು. ಇದು ನಮ್ಮೊಬ್ಬರ ಮನೆಯ ಪ್ರಶ್ನೆ ಅಲ್ಲವೇ ಅಲ್ಲ! ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವ ಎಷ್ಟು ಕನ್ನಡದ ಮನೆಗಳಿಲ್ಲ ಈ ಮದರಾಸಿನಲ್ಲಿ? ಬೆಳಿಗ್ಗೆ ವಯಸ್ಸಾದವರನ್ನು ಬಿಟ್ಟು ಸಂಜೆ ಕರೆದುಕೊಂಡು ಹೋಗುವಂಥ ಒಂದು ಮನೆ ಬೇಕು. ಊಟ, ಕಾಫಿ, ಭಜನೆ, ಮಲಗಲು ಚಾಪೆ, ನೋಡಿಕೊಳ್ಳಲು ಜನ. ವಿಮಾ ಕಚೇರಿಯಲ್ಲಿ ಸೂಪರಿಂಟೆಂಡೆಂಟಾಗಿದ್ದ ನನಗೆ ಒಂದು ಸಂಸ್ಥೆ ಕಟ್ಟುವುದು ಯಾವ ಮಹಾ ಕೆಲಸ?

“ನೀನು ರಾಜೀನಾಮೆ ಗೀಜೀನಾಮೆ ಅನ್ನಬೇಡ. ನಾನು ವ್ಯವಸ್ಥೆ ಮಾಡ್ತೀನಿ,” ಅಂದೆ. ಅವಳ ಮುಖ ಅರಳಿತು. ವಿವರಿಸುತ್ತ ಹೋದ ಹಾಗೆ ಯಾಕೋ ಮತ್ತೆ ಮುದುಡಿತು. ಇಡೀ ದಿನ ದುಡಿದ ಆಯಾಸ ಇರಬೇಕು.

೨೮ ಸೆಪ್ಟೆಂಬರ್, ಭಾನುವಾರ

ವಿಶ್ವನಾಥಯ್ಯನವರ ಮನೆಯಲ್ಲಿ ಮೊದಲ ಸಭೆ. ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರು, ಹಾಗಾಗಿ ಅಧ್ಯಕ್ಷರು. ರೈಲ್ವೆಯಿಂದ ನಿವೃತ್ತರಾದ ಮಂಗಳೂರಿನ ಭೋಜರಾಜ ಖಜಾಂಚಿ. ಗೌರವ ಕಾರ್ಯದರ್ಶಿ ನಾನು. ಉಳಿದ ನಾಲ್ವರು ಸದಸ್ಯರು, ಅಂದರೆ ಕಾಫಿ ಕುಡಿಯುವವರು.

ಹೆಸರಿಡುವುದರಲ್ಲೇ ಮಧ್ಯಾಹ್ನ ಕಳೆಯಿತು. ‘ವೃದ್ಧ’ ಎಂಬ ಶಬ್ದ ಎತ್ತಿದರೆ ಏಳೂ ಜನಕ್ಕೆ ಮೈ ಉರಿಯುತ್ತದೆ. ‘ಸಂಧ್ಯಾವಿಹಾರ’ ಅಂದರೆ ಸಂಜೆ ಐದಕ್ಕೆ ಬಾಗಿಲು ಹಾಕುವ ಜಾಗಕ್ಕೆ ಸಂಧ್ಯೆ ಎಲ್ಲಿಂದ ಬಂತು ಅಂತ ತಕರಾರು. ಕೊನೆಗೆ ‘ಹಿರಿಯರ ಹಗಲುಮನೆ’ ಎಂದಾಯಿತು.

“ಪಾಪ, ಈ ವಯಸ್ಸಾದವರ ಕಷ್ಟ ನೋಡಕ್ಕಾಗಲ್ಲ ಕಣ್ರೀ ಬದರಿನಾಥ ರಾಯರೇ,” ಎಂದರು ವಿಶ್ವನಾಥಯ್ಯ. ಅವರಿಗೆ ಎಪ್ಪತ್ತೊಂದು. ಅವರ ಹೆಂಡತಿ ಬಂದು ಅವರ ಬಾಯಿಗೆ ಮಾತ್ರೆ ಹಾಕಿ, ನೀರು ಕುಡಿಸಿ, ಗಲ್ಲ ಒರೆಸಿ ಹೋದರು.

“ಹೌದು ಮಾರಾಯ್ರೆ,” ಎಂದ ಭೋಜರಾಜ, “ನಾವು ಗಟ್ಟಿ ಇರುವಾಗಲೇ ಅವರಿಗೆ ಎಂತಾದ್ರೂ ಮಾಡ್ಬೇಕು.”

೧೯ ಅಕ್ಟೋಬರ್, ಭಾನುವಾರ

ಅಡುಗೆಯ ಬಗ್ಗೆ ಸಭೆ. ಈರುಳ್ಳಿ ಹಾಕಬೇಕೋ ಬಾರದೋ, ಹಾಕಿದರೆ ಬೇರೆ ಪಾತ್ರೆಯೋ, ಬೇರೆ ಪಾತ್ರೆಯಾದರೆ ಬೇರೆ ಒಲೆಯೋ. ಒಂದೇ ಒಂದು ಕಾಳು ಅಕ್ಕಿ ಬರದೆ ಇಷ್ಟು ಜಗಳ. ನಾನು ಮಡಿ ಅಡುಗೆ ಅಂದೆ. ಭೋಜರಾಜನಿಗೆ ತೆಂಗಿನೆಣ್ಣೆ ಇಲ್ಲದ್ದು ಪಲ್ಯವೇ ಅಲ್ಲವಂತೆ. ವಿಶ್ವನಾಥಯ್ಯ ಉಪಸಮಿತಿ ಮಾಡಿದರು. ಉಪಸಮಿತಿಯಲ್ಲೂ ನಾವು ಏಳೇ ಜನ.

ಮನೆಗೆ ಬಂದರೆ ಅಕ್ಕ ಬಾಗಿಲಲ್ಲಿ ಕೂತಿದ್ದಳು. “ಬದರಿ, ಊಟ ಆಯ್ತೇನೋ ನಂದು?” ಅಂತ ಕೇಳಿದಳು. ನನಗೇನು ಗೊತ್ತು? ನಾನು ಮನೆಯಲ್ಲಿ ಇದ್ದರಲ್ಲವೇ?

೬ ನವೆಂಬರ್, ಗುರುವಾರ

ಪ್ಯಾರೀಸ್ ಕಾರ್ನರಿನ ಅಂಗಡಿಗಳಲ್ಲಿ ದೇಣಿಗೆ ಕೇಳುತ್ತ ನಾನು, ಭೋಜರಾಜ ಬಿಸಿಲಿನಲ್ಲಿ ಬೆಂದೆವು. ಕಾಗದದ ವ್ಯಾಪಾರಿ ಕ್ಯಾಲೆಂಡರು ಕೊಟ್ಟ. ಬಳೆ ವ್ಯಾಪಾರಿ ಆಶೀರ್ವಾದ ಕೊಟ್ಟ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು! ಇನ್ನೊಬ್ಬ ತನ್ನ ತಂದೆಯ ಆಳೆತ್ತರದ ಚಿತ್ರ ಗೋಡೆಗೆ ಹಾಕುವುದಾದರೆ ಚಿತ್ರವನ್ನು ಕೊಡುತ್ತೇನೆ ಅಂದ. ಗೋಡೆ ಯಾರು ಕೊಡುತ್ತಾರಪ್ಪ?

ಕೊನೆಗೆ ಬೇಳೆಯ ಸಗಟು ವ್ಯಾಪಾರಿ ಶಂಕರನಾರಾಯಣ ಚೆಟ್ಟಿಯಾರರು. ಮೂಟೆಗಳ ನಡುವೆ ಬನಿಯನ್ನಿನಲ್ಲಿ ಕೂತಿದ್ದರು. ನಾನು ಟೈಪು ಮಾಡಿಸಿದ್ದ ಮನವಿಯನ್ನು ಮುಟ್ಟಿಯೂ ನೋಡಲಿಲ್ಲ.

“ಉಂಗ ವೀಟ್ಟುಲ ಪೆರಿಯವಂಗಳ ಯಾರ್ ಪಾತ್ತುಕ್ಕರಾಂಗ ಸಾರ್?” ಎಂದರು. ನಿಮ್ಮ ಮನೆಯ ಹಿರಿಯರನ್ನು ಯಾರು ನೋಡಿಕೊಳ್ಳುತ್ತಾರೆ ಅಂತ! ಎಂಥ ಅಪ್ರಸ್ತುತ ಪ್ರಶ್ನೆ. ಹಗಲುಮನೆ ಶುರುವಾದ ಮೇಲೆ ಅದೇ ನೋಡಿಕೊಳ್ಳುತ್ತದೆ ಅಂತ ಠೀವಿಯಿಂದ ಹೇಳಿದೆ. ಚೆಟ್ಟಿಯಾರರು ನಕ್ಕರು. ಬೋರ್ಡಿನಲ್ಲಿ ತನ್ನ ಹೆಸರು ಬೇಡವಂತೆ. ಮೂವತ್ತು ಜನ ವಯಸ್ಸಾದವರು ತನ್ನ ಕಣ್ಣೆದುರು ಹೊಟ್ಟೆ ತುಂಬ ಉಣ್ಣುವುದನ್ನು ನೋಡಬೇಕಂತೆ. ನೋಡಿದರೆ ಆವತ್ತಿನಿಂದ ಬಾಡಿಗೆ, ಅಕ್ಕಿ, ಬೇಳೆ ಎಲ್ಲ ಅವರದು. ಆವತ್ತಿನ ಊಟವೂ ಅವರದೇ.

ಟ್ರಾಮು ಓಡುತ್ತಿದ್ದ ಕಾಲದ ಹುಡುಗನ ಹಾಗೆ ಬೀದಿ ದಾಟಿದೆ. ಭೋಜರಾಜ ಹಿಂದಿನಿಂದ, “ನಿಧಾನ ಮಾರಾಯ್ರೆ, ಬಿದ್ರೆ ಹಗಲುಮನೆಗೆ ಮೊದಲು ಸೇರುವವರು ನೀವೇ!” ಎಂದು ಕೂಗಿದ. ಅವನ ಹಾಸ್ಯ ನನಗೆ ಹಿಡಿಸುವುದಿಲ್ಲ.

೧೦ ನವೆಂಬರ್

ಸುಮತಿಗೆ ಬ್ಯಾಂಕಿನಲ್ಲಿ ಎಚ್ಚರಿಕೆ ಕೊಟ್ಟರಂತೆ. ಮಧ್ಯಾಹ್ನ ಮಧ್ಯಾಹ್ನ ಮನೆಗೆ ಓಡಿಬಂದು ತಡವಾಗಿ ಕುರ್ಚಿಗೆ ಹೋಗುತ್ತಾಳೆ ಅಂತ. ಸಂಸ್ಥೆ ಶುರುವಾಗುವವರೆಗೆ ತಡೆದುಕೋ ಅಂದೆ. “ಫೆಬ್ರವರಿ ಕೊನೆಯವರೆಗೆ ನೋಡ್ತೀನಿ ಮಾವ. ಆಮೇಲೆ ಬಿಡ್ತೀನಿ,” ಅಂದಳು. ಅಡುಗೆಮನೆಯಲ್ಲಿ ಅತ್ತಳೆಂದು ಕಾಣುತ್ತದೆ. ಕಷ್ಟಪಟ್ಟು ಪರೀಕ್ಷೆ ಬರೆದು ಗಿಟ್ಟಿಸಿದ ಕೆಲಸ. ಸಂಕಟವಾಯಿತು. ಸಭೆಗೆ ಹೊತ್ತಾಗಿತ್ತು, ಹೊರಟೆ.

೧೧ ಜನವರಿ ೧೯೮೧, ಭಾನುವಾರ

ಜಾಗ ಸಿಕ್ಕಿತು! ವಡಪಳನಿಯಲ್ಲಿ, ಒಂದು ಸಿನಿಮಾ ಸ್ಟುಡಿಯೋದ ಹಿಂಬದಿಯ ಶೆಡ್ಡು. ಪೌರಾಣಿಕ ಚಿತ್ರಗಳ ಸಾಮಾನು ತುಂಬುವ ಜಾಗ. ಬೇರೆ ಕುರ್ಚಿ ಇಲ್ಲ, ಇರುವುದೆಲ್ಲ ಸಿಂಹಾಸನ. ಅವನ್ನೇ ಬಳಸಿಕೊಳ್ಳಿ ಅಂತ ಮ್ಯಾನೇಜರು ಉದಾರವಾಗಿ ಹೇಳಿದ. ಭೋಜರಾಜ ಒಂದರ ಮೇಲೆ ಕೂತು ಎಡಗಾಲು ಮಡಿಸಿ, ಮೀಸೆ ತಿರುವಿ, ಎದ್ದಾಗ ಅವನ ಪಂಚೆಗೆಲ್ಲ ಚಿನ್ನದ ಬಣ್ಣ.

ಮೂವತ್ತು ಹಿರಿಯರು ಎಲ್ಲಿಂದ ಬರಬೇಕು? ಸಮಿತಿಯ ಏಳು ಜನರೇ ಮೊದಲು ಸೇರಬಹುದಲ್ಲ ಎಂದು ಒಬ್ಬರು ಅಂದದ್ದಕ್ಕೆ ವಿಶ್ವನಾಥಯ್ಯ ಸಿಟ್ಟಾಗಿ ಎದ್ದು ಹೋದರು. ಸಮಾಧಾನ ಮಾಡಿ ಕರೆತಂದೆವು. ಹಿರಿಯರನ್ನು ಒಟ್ಟು ಮಾಡುವುದು ನನ್ನ ಪಾಲಿಗೆ ಬಂತು. ನಮ್ಮ ಮಠಕ್ಕೆ ಪ್ರವಚನ ಕೇಳಲು ಬರುವ ಮುದುಕ ಮುದುಕಿಯರಿದ್ದಾರಲ್ಲ, ನನಗೇಕೆ ಯೋಚನೆ?

೩೦ ಜನವರಿ, ಶುಕ್ರವಾರ

ಪ್ರಾರಂಭೋತ್ಸವ ಫೆಬ್ರವರಿ ಹದಿನೈದು, ಭಾನುವಾರ. ದಿನ ನೋಡುವ ಕೆಲಸವನ್ನೂ ನನಗೇ ಒಪ್ಪಿಸಿದರು. “ನೀವು ಮಾಧ್ವರು, ತಿಥಿ ಗಿಥಿ ನೀವೇ ನೋಡಿಬಿಡಿ,” ಎಂದರು ವಿಶ್ವನಾಥಯ್ಯ. ಕಿರಾಣಿ ಅಂಗಡಿಯ ತಮಿಳು ಕ್ಯಾಲೆಂಡರಿನಲ್ಲಿ ನೋಡಿದೆ. ಏಕಾದಶಿ ಶನಿವಾರಕ್ಕೇ ಮುಗಿಯುತ್ತದೆ. ಭಾನುವಾರ ದ್ವಾದಶಿ. ಉಪವಾಸ ಮಾಡಿದವರು ಬಂದು ಬಾರಿಸಲು ಹೇಳಿಮಾಡಿಸಿದ ದಿನ.

ಅಕ್ಕ ಹೂ ಕಟ್ಟುತ್ತ ಕೂತವಳು, “ಭಾನುವಾರ ಏಕಾದಶಿ ಕಣೋ ಬದರಿ,” ಅಂದಳು.

“ಅಕ್ಕಾ, ನಿನಗೆ ಸ್ನಾನ ಆಯ್ತೋ ಇಲ್ಲವೋ ಅನ್ನೋದನ್ನೇ ಸುಮತಿ ಹೇಳಬೇಕು. ನೀನು ನನಗೆ ತಿಥಿ ಹೇಳ್ತೀಯಾ?”

ಮತ್ತೆ ಹೂವಿನ ಕಡೆ ತಿರುಗಿದಳು. ನಾನು ಅಷ್ಟು ಗಡುಸಾಗಿ ಹೇಳಬಾರದಿತ್ತೇನೋ. ಆದರೆ ನಿಜ ಹೇಳಬೇಕೆಂದರೆ ನಾನು ಯಾವತ್ತೂ ಪಂಚಾಂಗ ಬಿಚ್ಚಿದವನೇ ಅಲ್ಲ. ನನ್ನ ಹೆಂಡತಿ ಅಂಬುಜಾ ಇದ್ದಷ್ಟು ದಿನ ಅದರ ಗರಜೇ ಬೀಳಲಿಲ್ಲ. ಬೆಳಿಗ್ಗೆ ಕಾಫಿ ಬರದಿದ್ದರೆ ಅವತ್ತು ಏಕಾದಶಿ, ಅಷ್ಟೇ. ಅವಳು ಹೋಗಿ ನಾಲ್ಕು ವರ್ಷವಾಯಿತು. ಈಗ ದಿನವೂ ಕಾಫಿ ಬರುತ್ತದೆ.

ಮಠದವರನ್ನೆಲ್ಲ ಬಾಯಲ್ಲೇ ಕರೆದೆ. ಊಟದ ಮಾತೆತ್ತಬೇಡಿ, ಬಿಟ್ಟಿ ಊಟ ಅಂದರೆ ಮಾನವಂತರು ಬರುವುದಿಲ್ಲ ಅಂತ ಅಧ್ಯಕ್ಷರ ಅಪ್ಪಣೆ. ಎಲ್ಲರೂ ಒಪ್ಪಿದ್ದಾರೆ.

೧೫ ಫೆಬ್ರವರಿ, ಭಾನುವಾರ

ಬರೆಯುವ ಮನಸ್ಸಿಲ್ಲ. ಬರೆಯದಿದ್ದರೆ ಎದೆಯಲ್ಲೇ ಕುದಿಯುತ್ತದೆ.

ಮೂವತ್ತನ್ನು ಮೀರಿ ಜನ ಬಂದರು. ಅಕ್ಕನನ್ನೂ ರಿಕ್ಷಾದಲ್ಲಿ ಕರೆದೊಯ್ದೆ. ಎಲ್ಲರೂ ಮಡಿಯುಟ್ಟು, ನಾಮ ಹಚ್ಚಿ, ಸಿಂಹಾಸನಗಳ ಮೇಲೆ ಕಾಲು ನೆಲಕ್ಕೆ ಎಟುಕದೆ ಕೂತಿದ್ದರು. ವಿಶ್ವನಾಥಯ್ಯನವರ ಸ್ವಾಗತ ಭಾಷಣ, ನನ್ನ ವರದಿ. ಎಲೆ ಹಾಕಿಸಿದೆವು. ಚೆಟ್ಟಿಯಾರರು ಅಂಗಿ ಬಿಚ್ಚಿಟ್ಟು, ಸೊಂಟಕ್ಕೆ ಟವಲು ಬಿಗಿದು, ಸ್ವತಃ ಬೇಳೆಯ ಬಕೆಟ್ಟು ಹಿಡಿದು ನಿಂತರು. ಸಾರಿನ ಘಮ ಘಮ.

ಒಬ್ಬರೂ ಏಳಲಿಲ್ಲ.

“ಬನ್ನಿ, ಬನ್ನಿ, ಸಂಕೋಚ ಬೇಡ,” ಅಂದೆ. ವಿಷ್ಣುತೀರ್ಥಾಚಾರ್ ಎಂಬ ಹಿರಿಯರು ನನ್ನನ್ನೇ ಕನಿಕರದಿಂದ ನೋಡಿದರು.

“ಊಟವೇ? ಇವತ್ತು ಏಕಾದಶಿಯಲ್ಲವೇನ್ರೀ ರಾಯರೇ? ನಿನ್ನೆ ಬೆಳಗಿನ ಜಾವ ದಶಮಿ ತಗುಲಿತ್ತು, ಸ್ಮಾರ್ತರಿಗೆ ನಿನ್ನೆ, ನಮಗೆ ಇವತ್ತು. ಏಕಾದಶಿ ದಿನ ಕರೆದಿದ್ದೀರಿ ಅಂದ್ರೆ ಭಜನೆಗೆ ಅಂತ ಬಂದ್ವಿ. ನಮಗೆ ಇವತ್ತು ನೀರೂ ಇಲ್ಲ.”

ಉಳಿದವರೆಲ್ಲ ತಲೆಯಾಡಿಸಿದರು. ಒಬ್ಬ ಅಜ್ಜಿ ತಾಳ ತೆಗೆದು ಭಜನೆ ಶುರು ಮಾಡಿಯೇಬಿಟ್ಟಳು. ಚೆಟ್ಟಿಯಾರರಿಗೆ ಭೋಜರಾಜ ತಮಿಳಿನಲ್ಲಿ ವಿವರಿಸುತ್ತ ಬೆವರಿದ. ಅವರು ಬಕೆಟ್ಟನ್ನು ಕೆಳಗಿಡಲೇ ಇಲ್ಲ.

ಆಗ ವಿಶ್ವನಾಥಯ್ಯ ನನ್ನ ಕಿವಿಯಲ್ಲಿ, “ನಾವೇ ಕೂತುಬಿಡೋಣ ಕಣ್ರೀ. ನಮಗೂ ವಯಸ್ಸಾಗಿಲ್ಲವೇ?” ಎಂದರು. ಐದು ತಿಂಗಳಲ್ಲಿ ಆ ಬಾಯಿಂದ ಆ ಮಾತು ಬಂದದ್ದು ಮೊದಲ ಸಲ. ಸಮಿತಿಯ ಏಳೂ ಜನ ಸಾಲಾಗಿ ಎಲೆಯ ಮುಂದೆ ಕೂತೆವು. ನಾನೂ ಕೂತೆ. ಸಂಸ್ಥೆ ಉಳಿಯಬೇಕಲ್ಲ ಅಂತ ಪಾಯಸ ಎರಡು ಸಲ ಹಾಕಿಸಿಕೊಂಡೆ.

ಚೆಟ್ಟಿಯಾರರು ಬಡಿಸಿದರು. ನಮ್ಮನ್ನು ನೋಡಿದರು, ಸಿಂಹಾಸನಗಳ ಕಡೆ ನೋಡಿದರು. “ಸರಿ ಸಾರ್. ಪಸಿ ಇಲ್ಲಾದವಂಗ ಸಾಪ್ಪಿಟ್ಟಾಂಗ,” ಎಂದರು. ಹಸಿವಿಲ್ಲದವರು ಉಂಡರು, ಅಂತ. ಉಳಿದದ್ದನ್ನು ಪಕ್ಕದ ಶೂಟಿಂಗ್ ಫ್ಲೋರಿನಲ್ಲಿ ರಾಕ್ಷಸರ ವೇಷದಲ್ಲಿ ಕಾದು ಕೂತಿದ್ದ ಕೂಲಿ ನಟರಿಗೆ ಬಡಿಸಿದರು. ಅವರು ಕೋರೆಹಲ್ಲು ಕಳಚಿಟ್ಟು ಉಂಡರು. ಆಮೇಲೆ ಚೆಟ್ಟಿಯಾರರು ಅಂಗಿ ಹಾಕಿಕೊಂಡು ಹೊರಟೇಹೋದರು.

ರಿಕ್ಷಾದಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು. “ಅಂಬುಜಾ ಇದ್ದಿದ್ರೆ ಹೇಳ್ತಿದ್ದಳು, ಅಲ್ವೇನೋ?” ಅಂದಳು. ಬೈದಿದ್ದರೆ ಚೆನ್ನಾಗಿತ್ತು.

೧೬ ಫೆಬ್ರವರಿ, ಸೋಮವಾರ

ಸಮಿತಿಯ ತುರ್ತು ಸಭೆಗೆ ಹೋಗಲಿಲ್ಲ. ಯಾರ ತಪ್ಪು ಎಂಬ ಒಂದೇ ವಿಷಯ, ಅದಕ್ಕೆ ಸಭೆ ಯಾಕೆ? ಬೀದಿಗೆ ಇಳಿಯಲೂ ನಾಚಿಕೆ.

ಬೆಳಿಗ್ಗೆ ಸುಮತಿ ಸೀರೆ ಉಟ್ಟು ಬಂದು, “ಮಾವ, ಇವತ್ತು ರಾಜೀನಾಮೆ ಕೊಟ್ಟು ಬರ್ತೀನಿ. ನೀವು ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈಲಾದ್ದು ಮಾಡಿದ್ರಿ,” ಅಂದಳು. ಆ ಕೊನೆಯ ಮಾತು ಚುಚ್ಚಿತು.

“ಇವತ್ತು ಹೇಗೂ ನಾನು ಮನೇಲೇ ಬಿದ್ದಿರ್ತೀನಿ. ರಾಜೀನಾಮೆ ನಾಳೆ ಕೊಟ್ಟರಾಯ್ತು, ನಡಿ,” ಅಂದೆ.

ಅವಳು ಚೀಲ ಕೆಳಗಿಟ್ಟು ಒಳಗೆ ಬಂದಳು. ಆಮೇಲೆ ಗ್ಯಾಸು ಹೇಗೆ ಹಚ್ಚುವುದು, ಅಕ್ಕನ ಮಾತ್ರೆ ಯಾವುದು, ಎಲ್ಲ ತೋರಿಸಿ ಹೋದಳು. ಅಕ್ಕನಿಗೆ ನಾನೇ ಅನ್ನ ಮಾಡಿದೆ. ಗಂಜಿಗೂ ಅನ್ನಕ್ಕೂ ನಡುವಿನ ಏನೋ ಒಂದು ಆಯಿತು. “ಚೆನ್ನಾಗಿದೆ,” ಅಂತ ಉಂಡಳು. ಎರಡು ನಿಮಿಷ ಬಿಟ್ಟು ಊಟ ಆಯಿತೇ ಅಂತ ಕೇಳಿದಳು. ಆಯಿತು ಅಂದೆ. ಈ ಸಲ ನನಗೆ ಗೊತ್ತಿತ್ತು.

೧೮ ಫೆಬ್ರವರಿ

ಇವತ್ತೂ ಮನೆಯಲ್ಲೇ. ನಾಚಿಕೆ ಇನ್ನೂ ಪೂರ್ತಿ ಇಳಿದಿಲ್ಲ. ಅನ್ನ ಪರವಾಗಿಲ್ಲ.

೨ ಮಾರ್ಚ್, ಸೋಮವಾರ

ಫೆಬ್ರವರಿ ಮುಗಿದೇ ಹೋಯಿತು. ಸುಮತಿ ರಾಜೀನಾಮೆಯ ಸುದ್ದಿ ಎತ್ತುತ್ತಿಲ್ಲ. ನಾನೂ ನೆನಪಿಸಲಿಲ್ಲ.

ಎದುರುಮನೆಯ ಕಲಾವತಿ ಇವತ್ತು ತನ್ನ ಮಾವನ ಕೈ ಹಿಡಿದುಕೊಂಡು ಬಂದು, “ಅಂಕಲ್, ಒನ್ ಅವರ್ ಮಾತ್ರ. ಮಾವಂಗೆ ಕಣ್ಣು ಕಾಣಲ್ಲ, ನಾನು ಸ್ಕೂಲಿಗೆ ಹೋಗಿ ಬಂದುಬಿಡ್ತೀನಿ,” ಅಂತ ಬಿಟ್ಟುಹೋದಳು. ಅವಳು ಅಲ್ಲಿ ಟೀಚರು! ಸಂಜೆ ಬಂದಳು. ನನ್ನ ಕೆಲಸವೆಲ್ಲ ಕೆಟ್ಟಿತು. ಸರ್ಕಾರಕ್ಕೆ ಹಗಲುಮನೆಯ ಬಗ್ಗೆ ಹೊಸ ಮನವಿ ಬರೆಯೋಣ ಅಂತ ಕೂತರೆ ಮುದುಕರಿಗೆ ಪೇಪರು ಓದಿ ಹೇಳಬೇಕಂತೆ. ಓದಿದೆ. ಪೋಲೆಂಡಿನ ಬಗ್ಗೆ ಅವರಿಗೆ ನನಗಿಂತ ಹೆಚ್ಚು ಅಭಿಪ್ರಾಯಗಳಿವೆ.

೨೦ ಮಾರ್ಚ್, ಶುಕ್ರವಾರ

ಮನೆಯೋ ಮಾಂಬಲಂ ಸ್ಟೇಷನ್ನೋ! ಕಲಾವತಿಯ ಮಾವ ದಿನಾ ಬರುತ್ತಾರೆ. ವಿಷ್ಣುತೀರ್ಥಾಚಾರ್ ಅವತ್ತಿನ ಪೇಚಾಟಕ್ಕೆ ಸಮಾಧಾನ ಹೇಳಲು ಬಂದವರು, ಈಗ ಊಟ ಮುಗಿಸಿ ಜಮಖಾನದ ಮೇಲೆ ಗೊರಕೆ ಹೊಡೆದು ಹೋಗುತ್ತಾರೆ. ಹಿಂದಿನ ಬೀದಿಯ ಲಕ್ಷ್ಮೀಬಾಯಿ ತಮ್ಮ ತಂಗಿಯನ್ನೂ ಕರೆದುಕೊಂಡು ಬರುತ್ತಾರೆ. ಮುದುಕಿಯರು ಸಂಡಿಗೆ ಇಡುವುದಕ್ಕೆ ತಾರಸಿಯನ್ನೇ ಹಿಡಿದಿದ್ದಾರೆ. ಇನ್ನೊಂದು ಕಾಫಿ ಫಿಲ್ಟರು ಬಂದಿದೆ, ಸುಮತಿ ತಂದಳೋ ಯಾರು ತಂದರೋ. ಇವರೆಲ್ಲರ ಗದ್ದಲದಲ್ಲಿ ಮನವಿಯ ಎರಡನೇ ಪ್ಯಾರಾ ಮುಂದೆ ಹೋಗುತ್ತಿಲ್ಲ. ವಯಸ್ಸಾದವರಿಗೊಂದು ಜಾಗ ಈ ಊರಿನಲ್ಲಿ ಇಲ್ಲದಿದ್ದರೆ ಎಂಥ ಅನಾಹುತ ಅನ್ನುವುದಕ್ಕೆ ನನ್ನ ಮನೆಯೇ ಸಾಕ್ಷಿ ಅಂತ ಅದರಲ್ಲೇ ಬರೆದಿದ್ದೇನೆ.

ಭೋಜರಾಜ ಬಂದು ಚಿತ್ರಾನ್ನ ತಿಂದು, ಸುತ್ತ ನೋಡಿ, “ಎಂತ ಮಾರಾಯ್ರೆ ಇದು?” ಎಂದು ನಗುತ್ತ ಹೋದ. ಅವನ ನಗು ಯಾವಾಗಲೂ ಹಾಗೆಯೇ.

ಅಕ್ಕ ಇವತ್ತು ನನಗೆ, “ನಿಮ್ಮದು ಯಾವ ಊರಪ್ಪಾ?” ಅಂತ ಕೇಳಿದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ.

೬ ಏಪ್ರಿಲ್

ಪ್ಯಾರೀಸ್ ಕಾರ್ನರಿನಿಂದ ಬಂಡಿಯಲ್ಲಿ ಒಂದು ಮೂಟೆ ತೊಗರಿಬೇಳೆ, ಎರಡು ಮೂಟೆ ಅಕ್ಕಿ ಬಂದಿಳಿಯಿತು. ತಿಂಗಳು ತಿಂಗಳೂ ಬರುತ್ತದಂತೆ. ಹಗಲುಮನೆ ತೆರೆಯಲೇ ಇಲ್ಲ, ವಾಪಸು ತೆಗೆದುಕೊಂಡು ಹೋಗು ಅಂತ ಬಂಡಿಯವನಿಗೆ ಎಷ್ಟು ಹೇಳಿದರೂ ಕೇಳಲಿಲ್ಲ. “ಭೋಜರಾಜ ಸಾರ್ ವಂದು ಸೊನ್ನಾರು,” ಅಂದ. ಭೋಜರಾಜ ಅಲ್ಲಿಗೆ ಹೋಗಿ ಹೇಳಿದನಂತೆ. ಚೆಟ್ಟಿಯಾರರಿಗೆ ಏನೋ ತಪ್ಪು ತಿಳುವಳಿಕೆ ಆಗಿದೆ. ಕಾಗದ ಬರೆದು ಸರಿಪಡಿಸಬೇಕು, ಪುರುಸೊತ್ತು ಸಿಕ್ಕಾಗ.

೧೦ ಏಪ್ರಿಲ್, ಶುಕ್ರವಾರ

ವಿಶ್ವನಾಥಯ್ಯನವರಿಂದ ಕರೆ. ಸಮಿತಿಯನ್ನು ಹೊಸದಾಗಿ ಕಟ್ಟುತ್ತಾರಂತೆ. ಹಳೆಯದನ್ನೆಲ್ಲ ಮರೆತು ನಾನೇ ಮತ್ತೆ ಗೌರವ ಕಾರ್ಯದರ್ಶಿ ಆಗಬೇಕಂತೆ. ಬುಧವಾರ ನಾಲ್ಕು ಗಂಟೆಗೆ ಸಭೆ. ಇವರಿಗೆ ಬುದ್ಧಿ ಇದೆಯೇ? ನಾಲ್ಕು ಗಂಟೆಗೆ ಎಲ್ಲರ ಕಾಫಿ! ಆಗುವುದಿಲ್ಲ ಅಂತ ಹೇಳಿ ಕಳಿಸಿದೆ.

ಮಧ್ಯಾಹ್ನ ಉಳಿದವರೆಲ್ಲ ಮಲಗಿದ್ದರು. ಅಕ್ಕನ ಕಾಲು ಸೆಳೆತ ಅಂತ ಎಣ್ಣೆ ತಿಕ್ಕುತ್ತ ಕೂತಿದ್ದೆ. ನಮ್ಮಮ್ಮ ಹಾಸಿಗೆ ಹಿಡಿದಿದ್ದ ವರ್ಷ ನನ್ನನ್ನು ಇದೇ ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹಾಕಿದವಳು ಅವಳು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

“ನೀವು ಭಾಳ ಒಳ್ಳೆಯವರಪ್ಪಾ,” ಎಂದಳು. “ಈ ಜಾಗಕ್ಕೆ ಬಂದ ಮೇಲೆ ನನಗೆ ಹೊತ್ತು ಹೋಗೋದೇ ತಿಳಿಯಲ್ಲ. ನಡೆಸೋರು ಯಾರೋ ಪುಣ್ಯಾತ್ಮರು. ನನಗೂ ಒಬ್ಬ ತಮ್ಮ ಇದಾನೆ, ಬದರಿ ಅಂತ. ವಯಸ್ಸಾದವರಿಗೆ ಏನೋ ಕಟ್ಟಿಸ್ತೀನಿ ಅಂತ ಊರೆಲ್ಲಾ ಅಲೀತಾನೆ. ನನ್ನ ಹತ್ರ ಒಂದು ಘಳಿಗೆ ಕೂತವನಲ್ಲ, ಪಾಪ. ನಿಮಗೆಲ್ಲಾದ್ರೂ ಕಂಡ್ರೆ ಹೇಳ್ತೀರಾ?”

“ಏನಂತ ಹೇಳಲಮ್ಮಾ?” ಅಂದೆ.

“ಅಕ್ಕ ಸುಖವಾಗಿದಾಳೆ, ಅಲೆದದ್ದು ಸಾಕು, ಬಂದು ಇಲ್ಲೇ ಕೂತ್ಕೋ ಅಂತ ಹೇಳಿ. ಬಿಸಿಲಲ್ಲಿ ತಿರುಗಿದ್ರೆ ಅವನಿಗೆ ತಲೆನೋವು ಬರುತ್ತೆ, ಚಿಕ್ಕವನಿದ್ದಾಗಿಂದ.”

ಹೇಳ್ತೀನಿ ಅಂದೆ. ಅವಳು ಇನ್ನೊಂದು ಕಾಲು ಚಾಚಿದಳು. ಅದಕ್ಕೂ ಎಣ್ಣೆ ಹಚ್ಚಿದೆ.